ಸೇಂಟ್ ಐವ್ಸ್‌ನ ಬೀಗ ಹಾಕಿದ ಮನೆಗಳು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, ಸಮುದ್ರದಂಚಿಗೆ ಸೇಂಟ್ ಐವ್ಸ್ ಅಂತ ಒಂದು ಊರಿದೆ. ಮೊದಲು ಮೀನುಗಾರರ ಊರು, ಆಮೇಲೆ ಚಿತ್ರಕಾರರ ಊರು, ಈಗ ಪ್ರವಾಸಿಗರ ಊರು. ಬೇಸಿಗೆಯಲ್ಲಿ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಳಿಗಾಲ ಬಂತೆಂದರೆ ಅದೇ ಓಣಿಗಳಲ್ಲಿ ಸಾಲುಸಾಲು ಬೀಗ. 2011ರ ಜನಗಣತಿಯ ಹೊತ್ತಿಗೆ ಅಲ್ಲಿ ನಾಲ್ಕು ಮನೆಗಳಲ್ಲಿ ಒಂದರಲ್ಲಿ ಕಾಯಂ ವಾಸ ಮಾಡುವವರೇ ಇರಲಿಲ್ಲ. ಹೆಚ್ಚಿನವು ರಜೆಗೆಂದು ಹೊರಗಿನವರು ಕೊಂಡಿಟ್ಟ ಮನೆ, ಇಲ್ಲವೇ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಮನೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಬೆಲೆ ಕೈಗೆಟುಕದು. ಮಡಿಕೇರಿ, ಚಿಕ್ಕಮಗಳೂರು ಕಡೆಯ ಕೇಳುಗರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿನವರು ಧರಣಿ ಕೂರಲಿಲ್ಲ, ಯೋಜನೆ ಬರೆದರು. 2011ರ ಲೋಕಲಿಸಂ ಕಾಯ್ದೆ ಇಂಗ್ಲೆಂಡಿನ ಊರುಗಳಿಗೆ ಈ ಅಧಿಕಾರ ಕೊಟ್ಟಿದೆ. ನೇಬರ್‌ಹುಡ್ ಪ್ಲಾನ್ ಅಂತ ಅದಕ್ಕೆ ಹೆಸರು. ನಮ್ಮ ಗ್ರಾಮಸಭೆಯ ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಬಂದ ಹಣದಲ್ಲಿ ಯಾವ ಕೆಲಸ ಮಾಡಿಸಬೇಕು ಎಂಬುದು ಮುಖ್ಯ. ಅವರದ್ದು ಬೇರೆ ಬಗೆ. ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು, ಕಟ್ಟಿದ್ದು ಹೇಗಿರಬೇಕು, ಇಷ್ಟೇ ಅದರ ವಿಷಯ. ಆದರೆ ಒಮ್ಮೆ ಜಾರಿಗೆ ಬಂತೆಂದರೆ ಕಟ್ಟಡದ ಅನುಮತಿ ಕೊಡುವ ದೊಡ್ಡ ಕೌನ್ಸಿಲ್ಲೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಬರೆಯುವವರು ಯಾರು? ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್ ಅಥವಾ ಟೌನ್ ಕೌನ್ಸಿಲ್. ಅದಿಲ್ಲದ ಕಡೆ, ಕನಿಷ್ಠ 21 ಜನ ಸೇರಿ ಒಂದು ವೇದಿಕೆ ಕಟ್ಟಿಕೊಳ್ಳಬಹುದು. ಅವರಿಗೆ ಸಲಹೆ, ನೆರವು ಕೊಡುವುದು ಮೇಲಿನ ಕೌನ್ಸಿಲ್‌ನ ಕರ್ತವ್ಯ ಅಂತ ಕಾನೂನೇ ಹೇಳುತ್ತದೆ. ಹಣ ಕೊಡಲೇಬೇಕು ಅಂತ ಮಾತ್ರ ಹೇಳುವುದಿಲ್ಲ.

ಈ ನೆರವಿನ ನಿಜವಾದ ರೂಪ ನೋಡಬೇಕಾದರೆ ಊರಿನ ಮೊದಲ ಸಭೆಯನ್ನು ಕಲ್ಪಿಸಿಕೊಳ್ಳಿ. ಜನ ಏನು ಕೇಳುತ್ತಾರೆ? ಬಸ್ಸು ಹೆಚ್ಚು ಬಿಡಿ, ರಸ್ತೆ ಗುಂಡಿ ಮುಚ್ಚಿ, ನಾಯಿ ಕಾಟ ತಪ್ಪಿಸಿ. ಯಾವ ದೇಶವಾದರೇನು! ಇದು ಯಾವುದೂ ಭೂಬಳಕೆಯ ನಿಯಮವಾಗುವುದಿಲ್ಲ ಎಂದು ತಾಳ್ಮೆಯಿಂದ ತಿಳಿಸಿಕೊಡುವವರು ಕೌನ್ಸಿಲ್‌ನ ಯೋಜನಾಧಿಕಾರಿ. ನಕ್ಷೆ, ಅಂಕಿಅಂಶ ಒದಗಿಸುವುದೂ ಅವರೇ. ಇನ್ನೊಂದು ಕಹಿ ಮಾತನ್ನೂ ಅವರೇ ಹೇಳಬೇಕು: ನಮ್ಮೂರಿಗೆ ಹೊಸ ಮನೆಯೇ ಬೇಡ ಎನ್ನುವ ಹಾಗಿಲ್ಲ. ಆಕ್ಸ್‌ಫರ್ಡ್‌ಶೈರ್‌ನ ಥೇಮ್ ಪಟ್ಟಣಕ್ಕೆ 775 ಮನೆಗಳ ಪಾಲು ಬಂದಿತ್ತು. ಊರಿನವರು ಸಂಖ್ಯೆಯ ತಂಟೆಗೆ ಹೋಗಲಿಲ್ಲ. ಹೆಚ್ಚಿನವು ಒಂದೇ ಕಡೆ ಬರುವುದು ಬೇಡವೆಂದು ಹಲವು ಜಾಗಗಳಿಗೆ ಹಂಚಿದರು. 2013ರ ಮೇ ತಿಂಗಳಲ್ಲಿ ಅದಕ್ಕೆ ಜನರ ಒಪ್ಪಿಗೆಯೂ ಸಿಕ್ಕಿತು.

ಕರಡು ಸಿದ್ಧವಾದ ಮೇಲೆ ಊರಿನವರು ಆರು ವಾರ ಅದರ ಬಗ್ಗೆ ಎಲ್ಲರ ಅಭಿಪ್ರಾಯ ಕೇಳಬೇಕು. ತಿದ್ದಿ ಕೌನ್ಸಿಲ್‌ಗೆ ಒಪ್ಪಿಸಿದರೆ, ಅದು ಮತ್ತೆ ಆರು ವಾರ ಪ್ರಕಟಿಸಿಡುತ್ತದೆ. ಆಮೇಲೆ ಸ್ವತಂತ್ರ ಪರೀಕ್ಷಕರ ತಪಾಸಣೆ, ಕೊನೆಗೆ ಜನಮತಗಣನೆ. ಈ ಎರಡರ ಖರ್ಚೂ ಕೌನ್ಸಿಲ್‌ನದೇ. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೌದೆಂದರೆ ಆಯಿತು.

2016ರ ಮೇ 5ರಂದು ಸೇಂಟ್ ಐವ್ಸ್‌ನಲ್ಲಿ ಶೇಕಡಾ 80ಕ್ಕೂ ಹೆಚ್ಚು ಮತ ಹೌದೆಂದಿತು. ಇನ್ನು ಮುಂದೆ ಕಟ್ಟುವ ಹೊಸ ಮನೆ ಕಾಯಂ ವಾಸಕ್ಕೆ ಮಾತ್ರ, ರಜೆಯ ಮನೆಗಲ್ಲ ಎಂಬ ನಿಯಮಕ್ಕೆ ಸಿಕ್ಕ ಮತ ಅದು. ಕಟ್ಟಡ ವಿನ್ಯಾಸದ ಸಂಸ್ಥೆಯೊಂದು ಹೈಕೋರ್ಟಿಗೆ ಹೋಯಿತು. ಊರಿನ ಹಿರಿಯರು ಸೇರಿ ಬರೆದ ದಾಖಲೆಯನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಂಡದ್ದು ಕಾರ್ನ್‌ವಾಲ್ ಕೌನ್ಸಿಲ್. ಅದೇ ನವೆಂಬರಿನಲ್ಲಿ ಅರ್ಜಿ ವಜಾ ಆಯಿತು. ಸಲಹೆ, ನಕ್ಷೆಗಳೆಲ್ಲ ಇರಲಿ, ನನ್ನ ಮಟ್ಟಿಗೆ ಬೆಂಬಲ ಎಂದರೆ ಇದು: ವಕೀಲರು ಎದುರು ನಿಂತಾಗ ಊರನ್ನು ಒಂಟಿ ಬಿಡದಿರುವುದು.

ಹಾಗಂತ ಎಲ್ಲ ಸುಸೂತ್ರವಾಯಿತು ಎನ್ನಲಾರೆ. ನಿಯಮ ಹೊಸ ಮನೆಗಳಿಗಷ್ಟೇ. ಹಳೆಯ ಮನೆಗಳನ್ನು ಹೊರಗಿನವರು ಕೊಳ್ಳುವುದಕ್ಕೆ ತಡೆಯಿಲ್ಲ, ಹಾಗಾಗಿ ಕೊಳ್ಳುವವರು ಅತ್ತ ತಿರುಗುತ್ತಾರೆ ಎಂಬ ಟೀಕೆ ಇದೆ. ಈ ವ್ಯವಸ್ಥೆಯಲ್ಲೇ ಇನ್ನೊಂದು ಓರೆಯಿದೆ. ವರ್ಷಗಟ್ಟಲೆ ಸಂಜೆಗಳನ್ನು ಇಂಥ ಕಾಗದಗಳಿಗೆ ಕೊಡಬಲ್ಲವರು ಯಾರು? ನಿವೃತ್ತ ಎಂಜಿನಿಯರ್, ನಿವೃತ್ತ ವಕೀಲರು ಇರುವ ಅನುಕೂಲಸ್ಥ ಹಳ್ಳಿಗಳು ಮುಂದೆ ಹೋದವು. ನಗರದ ಬಡ ಬಡಾವಣೆಗಳು ಹಿಂದೆ ಉಳಿದವು. ಯೋಜನೆ ಇದ್ದ ಪ್ಯಾರಿಷ್‌ಗೆ, ಕಟ್ಟಡ ಅಭಿವೃದ್ಧಿಯ ಮೇಲೆ ಸುಂಕ ವಸೂಲಿ ಮಾಡುವ ಕಡೆ, ಅದರ ಶೇಕಡಾ 25 ಸಿಗುತ್ತದೆ; ಇಲ್ಲದ ಪ್ಯಾರಿಷ್‌ಗೆ 15, ಅದಕ್ಕೂ ಮಿತಿ. ಅಂದರೆ ಇದ್ದವರಿಗೇ ಇನ್ನಷ್ಟು. ಯೋಜನೆ ಬರೆಯಲು ಕೇಂದ್ರ ಸರ್ಕಾರ ಕೊಡುತ್ತಿದ್ದ ಅನುದಾನವೂ 2025ರಲ್ಲಿ ನಿಂತಿತು. ಈಗ ಭಾರವೆಲ್ಲ ಸ್ಥಳೀಯ ಕೌನ್ಸಿಲ್‌ಗಳ ಮೇಲೆ, ಅವುಗಳ ಖಜಾನೆಯೋ ಮೊದಲೇ ಬಡಕಲು.

ಕೊನೆಯದಾಗಿ, ನಿಮ್ಮ ಮಗನೋ ಸೊಸೆಯೋ ಇಂಗ್ಲೆಂಡಿನಲ್ಲಿ ವಾಸವಾಗಿದ್ದರೆ ಅವರಿಗೊಂದು ಸುದ್ದಿ ಮುಟ್ಟಿಸಿ. ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ ಆದರೂ, ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ ಅವರು ಅಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ತಾವಿರುವ ಊರಿನ ಯೋಜನೆ ಜನಮತಕ್ಕೆ ಬಂದಾಗ ಮತವನ್ನೂ ಹಾಕಬಹುದು. ಮುಂದಿನ ಸಲ ಫೋನ್ ಬಂದಾಗ, ಊಟ ಆಯ್ತಾ, ಚಳಿ ಹೇಗಿದೆ ಅಂತ ಕೇಳಿದ ಮೇಲೆ, ಇದನ್ನೂ ಒಂದು ಮಾತು ಕೇಳಿ.

ನಮಸ್ಕಾರ.