ಉಪವಾಸದ ದಿನದ ಸಿಹಿ

ಕೇಳುಗರೇ, ನಮಸ್ಕಾರ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಿಂದ ಬಂದಿದ್ದೇನೆ. ಆಷಾಢ ಏಕಾದಶಿ ಬಂತೆಂದರೆ ಒಂಬತ್ತು ವರ್ಷದ ನನ್ನ ಮಗಳಿಗೆ ಹಬ್ಬ. ಅವಳೇನು ಉಪವಾಸ ಮಾಡುವುದಿಲ್ಲ. ಆದರೆ ಆ ದಿನ ನಮ್ಮ ಬಿಲ್ಡಿಂಗಿನಲ್ಲಿ ಹೆಚ್ಚಿನ ಮನೆಗಳಲ್ಲಿ ಸಾಬಕ್ಕಿ ಖೀರು, ರಾಜಗಿರಾ ಉಂಡೆ, ಶೇಂಗಾ ಉಂಡೆ ಇರುತ್ತವೆ. ಯಾವುದಕ್ಕೂ ಗೋಧಿ ಹಾಕುವುದಿಲ್ಲ. ಅವಳಿಗೆ ಗೋಧಿ ಆಗುವುದಿಲ್ಲ.

ಅವಳಿಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಹೋಳಿಗೆಯ ಕಣಕ ಹರಿಯದೆ ಎಳೆದಷ್ಟೂ ಬರುತ್ತದಲ್ಲ, ಆ ಜಿಗುಟು ಅದರದೇ. ಈ ಕಾಯಿಲೆಯವರು ಅದನ್ನು ತಿಂದರೆ ಅವರ ದೇಹ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡಿಕೊಳ್ಳುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಮಗಳಿಗೆ ವರ್ಷವಿಡೀ ಹೊಟ್ಟೆನೋವು, ತೂಕವೇ ಏರಲಿಲ್ಲ. ಕೊನೆಗೆ ರಕ್ತಪರೀಕ್ಷೆ, ಕರುಳಿನ ಬಯಾಪ್ಸಿ ಆಗಿ ಗೊತ್ತಾಯಿತು. ಜೀವನವಿಡೀ ಗ್ಲುಟೆನ್ ಬಿಡುವುದೇ ಇದಕ್ಕೆ ಚಿಕಿತ್ಸೆ. ನಿಮ್ಮ ಮಗುವಿಗೂ ಹೀಗೇ ಇರಬಹುದು ಅನಿಸಿದರೆ ಸುಮ್ನೆ ಗೋಧಿ ಬಿಡಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಕಾಣಿಸದೇ ಹೋಗಬಹುದು.

ಗೋಧಿಯ ಮೇಲೆ ಬೊಟ್ಟು ಮಾಡಿ ತೋರಿಸಿದವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡು ಸಿಗುವುದೇ ಕಷ್ಟವಾಗಿತ್ತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಕಾಯಿಲೆಯೂ ಮರಳಿತು. ಅವರಿಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು. ಇದನ್ನು ಓದಿದ ದಿನ ಆ ಮಕ್ಕಳ ತಾಯಂದಿರನ್ನು ನೆನೆದು ನನಗೆ ಕಣ್ಣು ತುಂಬಿತು.

ಮೊದಮೊದಲು ಮಗಳಿಗೆ ಸಿಹಿಯೇ ಇಲ್ಲವಾಯಿತಲ್ಲ ಅಂತ ಅತ್ತಿದ್ದೆ. ಕೇಸರಿಭಾತ್, ಚಿರೋಟಿ, ಶಂಕರಪಾಳಿ ಎಲ್ಲ ಗೋಧಿಯವೇ. ಆಮೇಲೆ ನಮ್ಮತ್ತೆ ಮಾಟುಂಗಾ ಮಾರುಕಟ್ಟೆಯಿಂದ ಅರಿಶಿನ ಎಲೆ ತಂದರು. ಅಕ್ಕಿ ರುಬ್ಬಿ ಎಲೆಗೆ ಸವರಿ, ತೆಂಗಿನಕಾಯಿ ಬೆಲ್ಲದ ಹೂರಣ ಹರಡಿ, ಮಡಚಿ ಬೇಯಿಸಿದರು. ಮುಚ್ಚಳ ತೆಗೆದಾಗ ಮನೆಯೆಲ್ಲ ನಾಗರಪಂಚಮಿಯ ಘಮ. "ಇದರಲ್ಲಿ ಗೋಧಿ ಎಲ್ಲಿದೆ ಮಾರಾಯ್ತಿ, ಯಾಕೆ ಅಳ್ತೀ?" ಅಂದರು. ನಿಜ ಅಲ್ವಾ? ಹಯಗ್ರೀವ, ಎಳ್ಳುಂಡೆ, ಅಕ್ಕಿ ಶಾವಿಗೆಯ ಪಾಯಸ, ಇಲ್ಲಿಯವರು ಅಕ್ಕಿ ಹಿಟ್ಟಿನಲ್ಲಿ ಮಾಡಿ ಆವಿಯಲ್ಲಿ ಬೇಯಿಸುವ ಉಕಡೀಚೆ ಮೋದಕ, ಇವು ಮೊದಲಿಂದಲೂ ಹೀಗೇ ಇವೆ. ಇಲ್ಲಿಯವರ ಯುಗಾದಿಯಾದ ಗುಡಿ ಪಾಡವಾ ದಿನ ಪೂರಿ ಬಿಟ್ಟು ಶ್ರೀಖಂಡವನ್ನಷ್ಟೇ ಬಟ್ಟಲು ತುಂಬ ಹಾಕಿಕೊಡುತ್ತೇನೆ.

ಕಷ್ಟ ಇರುವುದು ಬೇರೆ ಕಡೆ. ಒಂದು ಸಲ ಗಿರಣಿಯಲ್ಲಿ ಅಕ್ಕಿ ಬೀಸಿಸಿ ತಂದು ಮೋದಕ ಮಾಡಿದೆ. ರಾತ್ರಿ ಮಗಳಿಗೆ ಹೊಟ್ಟೆನೋವು. ನಮಗಿಂತ ಮುಂಚೆ ಅದೇ ಕಲ್ಲಿನಲ್ಲಿ ಯಾರೋ ಗೋಧಿ ಬೀಸಿಸಿದ್ದರು. ಗ್ಲುಟೆನ್ ಇಲ್ಲದ ತಿನಿಸು ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ನಮ್ಮ ದೇಶದ ನಿಯಮದ ಪ್ರಕಾರ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಅಷ್ಟು ಸೂಕ್ಷ್ಮ! ಇನ್ನೊಮ್ಮೆ ಒಂದು ಮಿಠಾಯಿ ಅಂಗಡಿಯಲ್ಲಿ ಬೇಸನ್ ಉಂಡೆಯಲ್ಲಿ ಗೋಧಿ ಇಲ್ಲ ಅಂದರು. ಕಚ್ಚಿ ನೋಡಿದರೆ ಹಲ್ಲಿಗೆ ರವೆ ಸಿಕ್ಕಿತು. ಈಗ ಅಕ್ಕಿಯನ್ನು ಮನೆಯಲ್ಲೇ ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡುತ್ತೇನೆ. ಅವಳ ಜರಡಿ, ಲಟ್ಟಣಿಗೆ, ಬಾಣಲೆ ಎಲ್ಲ ಬೇರೆ.

ನನ್ನ ಹೊಟ್ಟೆ ಉರಿಸಿದ್ದು ಮಾತ್ರ ಪ್ರಸಾದ. ಸತ್ಯನಾರಾಯಣ ಪೂಜೆಯ ರವೆ ಪ್ರಸಾದವನ್ನು ಮಗು ಬೇಡ ಅಂದರೆ ಜನ ಮುಖ ಸಿಂಡರಿಸುತ್ತಾರೆ. "ಚೂರೇ ಚೂರು, ದೇವರದಲ್ವಾ, ಏನಾಗುತ್ತೆ?" ಅನ್ನುತ್ತಾರೆ. ಚೂರೂ ಆಗಬಾರದು ಅಂತ ಎಷ್ಟು ಬಾರಿ ಹೇಳಿದ್ದೇನೋ. ಮಗಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಹೋದ ಶ್ರಾವಣದಲ್ಲಿ ಎದುರು ಮನೆಯ ಮರಾಠಿ ಕಾಕು ಪೂಜೆಯ ಹಿಂದಿನ ದಿನವೇ ಬಂದರು. "ವಹಿನಿ, ಪೂಜೆಯ ಕಥೆಯಲ್ಲೇ ಇದೆ. ಗೋಧಿ ಹಿಟ್ಟು, ಇಲ್ಲದಿದ್ದರೆ ಅಕ್ಕಿ ಹಿಟ್ಟು. ಇಷ್ಟು ವರ್ಷ ಕೇಳಿದ್ದೇನೆ, ಕಿವಿಗೆ ಬಿದ್ದಿರಲಿಲ್ಲ" ಅಂದರು. ನಮ್ಮ ಮನೆಯ ಅಕ್ಕಿ ರವೆಯನ್ನೇ ಒಂದೂಕಾಲು ಬಟ್ಟಲು ಕೊಂಡುಹೋದರು. ನಮ್ಮ ಬಾಣಲೆಯನ್ನೂ ಕೇಳಿ ತೆಗೆದುಕೊಂಡರು. ಮರುದಿನ ಮಗಳು ಎಲ್ಲರ ಜೊತೆ ಸಾಲಿನಲ್ಲಿ ಕೂತು ಎರಡೂ ಕೈ ಚಾಚಿದಳು.