ಕತ್ತಲದಾಗಿನ ಬ್ಯಾಟಿ

ನಮಸ್ಕಾರ್ರೀ ಎಲ್ಲಾರಿಗೂ. ರಾತ್ರಿ ಒಂಬತ್ತೂವರಿ ಆಗೇತಿ. ಇದು ನಮ್ಮ ಬಾಗಲಕೋಟಿ ಬಾಜೂಕಿನ ಆಲಮಟ್ಟಿ ಹಿನ್ನೀರು. ತೆಪ್ಪದಾಗ ಕುಂತು ಕಾಕಾ ಬಲಿ ಬಿಡಾಕತ್ತಾರ. ಬಲಿಗೆ ಕಟ್ಟಿದ ಖಾಲಿ ಬಾಟ್ಲಿ ಒಂದೊಂದ ಜಾರಿ ಟಪ್ ಅಂತ ನೀರಿಗೆ ಬೀಳೂದು ಕೇಳಸಾಕತ್ತೇತಲ್ಲ?

"ಹಗಲೊತ್ತು ಯಾಕ ಬ್ಯಾಡ ಕಾಕಾ?" ಅಂದೆ. "ಹಗಲಿ ಮೀನಕ್ಕ ಬಲಿ ಕಾಣ್ತೈತಿ ತಮ್ಮಾ. ಕತ್ತಲಾದ್ರ ಅವು ತಾವಾಗೇ ಮ್ಯಾಲ ಬರ್ತಾವ" ಅಂದ್ರು.

ಸಮುದ್ರದಾಗೂ ಹಿಂಗ ನಡೀತೈತ್ರಿ, ಆದ್ರ ಭಾಳ ದೊಡ್ಡದಾಗಿ. ಹೊತ್ತು ಮುಳುಗಿದ್ರ ಸಾಕು, ನೂರಾರು ಮೀಟರ್ ಆಳದಿಂದ ಸೀಗಡಿ, ಸಣ್ಣ ಮೀನ, ಸ್ಕ್ವಿಡ್ ಮ್ಯಾಲ ಏರ್ತಾವ. ಬೆಳಕ ಹರಿಯೂದ್ರಾಗ ತಿರುಗಿ ಕೆಳಗ. ಎರಡನೇ ಮಹಾಯುದ್ಧದ ಟೈಮಿನ್ಯಾಗ ಸೋನಾರ್ (ನೀರಾಗ ಶಬ್ದ ಬಿಟ್ಟು, ಹೊಳ್ಳಿ ಬರೂ ದನಿಯಿಂದ ಏನೈತಿ ಅಂತ ತಿಳಿಯೂ ಯಂತ್ರ) ಬಿಟ್ಟವ್ರಿಗೆ ಈ ದಂಡು ಸಮುದ್ರದ ತಳಾ ಇದ್ದಂಗ ಕಂಡಿತ್ತು. ಮೀನಿನ ಹೊಟ್ಟಿಯಾಗಿನ ಗಾಳಿಚೀಲಕ್ಕ ಶಬ್ದ ಬಡದು ಹೊಳ್ಳಿ ಬರ್ತೈತಿ, ಅದಕ್ಕ. ಆದ್ರ ಖರೇ ತಳ ರಾತ್ರಿ ಮ್ಯಾಲ ಏರಿ ಬರೂದಿಲ್ಲಲ್ಲ!

ಊಟ ಮ್ಯಾಲ ಬಂತಂದ್ರ ಉಣ್ಣಾವ್ರೂ ಬರ್ತಾರ. ಹವಾಯಿ ದ್ವೀಪದ ಸ್ಪಿನ್ನರ್ ಡಾಲ್ಫಿನ್‌ಗಳು ಬ್ಯಾಟಿ ಆಡೂದ ರಾತ್ರಿ. ಅಲ್ಲಿ ಕ್ಯಾಮೆರಾ ಕೆಲಸಕ್ಕ ಬರೂದಿಲ್ಲ. ದೀಪಾ ಹಚ್ಚಿದ್ರ ನೀರಾಗಿನ ಜೀವಗಳ ನಡತಿನ ಬದಲಾಗಿ ಬಿಡ್ತೈತಿ. ಅದಕ್ಕ ಸಂಶೋಧಕರು ದೋಣಿಯಿಂದ ಒಮ್ಮೆಲೆ ಭಾಳ ಕಡೆ ಶಬ್ದ ಬಿಡೂ ಮಲ್ಟಿಬೀಮ್ ಸೋನಾರ್ ಬಿಟ್ಟು, ಬರೀ ಶಬ್ದದಿಂದ ಆ ಕತ್ತಲದ ಚಿತ್ರ ತಗದ್ರು. 2009ರಾಗ ಅದು ಪ್ರಕಟ ಆತು.

ಅದನ್ನ ಓದಿ ನಾ ಆ ರಾತ್ರಿ ಮಲಗಲಿಲ್ರಿ. 16ರಿಂದ 28 ಡಾಲ್ಫಿನ್, ಎಲ್ಲಾ ಜೋಡಿ ಜೋಡಿ. ಮೊದಲ ಸಾಲ ಹಿಡದು, ಕಣದಾಗ ಜ್ವಾಳಾ ರಾಶಿಗೆ ದಬ್ಬಿದಂಗ, ಮೀನ ಒತ್ತಟ್ಟಿಗೆ ದಬ್ಬತಾವ. ಆಮ್ಯಾಲ ಸುತ್ತುಗಟ್ಟತಾವ. ಎದುರಾಬದುರಾ ಇರೂ ಎರಡು ಜೋಡಿ ಒಳಗ ಹೊಕ್ಕು, ತಿಂದು, ಹೊಳ್ಳಿ ತಮ್ಮ ಜಾಗಾಕ್ಕ. ಮುಂದಿನ ಪಾಳಿ ಬಾಜೂಕಿನ ಜೋಡಿಗೆ. ಆ ಕತ್ತಲದಾಗ, ಅಷ್ಟ ಆಳದಾಗ, ಪಾಳಿ ಹಚ್ಚಿ ಊಟ!

ಆಕಾಶದಿಂದನೂ ನೋಡ್ಯಾರ. ಮೋಡ, ಧೂಳು ಅಳತಿ ಮಾಡಾಕ 2006ರಾಗ ಹಾರಿಸಿದ ಕ್ಯಾಲಿಪ್ಸೊ ಉಪಗ್ರಹದ ಹಸಿರು ಲೇಸರ್, ಈ ಮ್ಯಾಲ ಬರೂ ಜೀವಿಗಳನ್ನೂ ಹಿಡದೈತಿ. ಆದ್ರ ಅದು ಮ್ಯಾಲಿನ ನೀರಷ್ಟ ಇಣುಕತಿತ್ತು. ಆಳಕ್ಕ ಶಬ್ದಾನ ಬೇಕು.

ತಡೀರಿ, ಬಾಟ್ಲಿ ಅಳಗ್ಯಾಡಾಕತ್ತಾವು. ಟಾರ್ಚ್ ಆರಸು ಅನ್ನಾಕತ್ತಾರ ಕಾಕಾ, ಮೀನ ಬೆದರ್ತಾವಂತ. ಆರಸ್ತೀನಿ. ಇನ್ನ ಬರೀ ಕೇಳ್ರಿ.