ಪಾರ್ಕಿನ್‌ಸನ್ ಕಾಯಿಲೆ: ಕಸಿ ಮಾಡಿದ ನರಕೋಶಗಳನ್ನು ಉಳಿಸುವ ಜೈವಿಕ ವಸ್ತುಗಳು

[ಪರದೆಯಲ್ಲಿ: ಮಧ್ಯಮಿದುಳಿನ ಸೀಳುನೋಟ, ಅದರ ಕಪ್ಪು ಪಟ್ಟಿ ಮಸುಕಾಗುತ್ತದೆ]

ಮಧ್ಯಮಿದುಳಿನ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿ ಚಲನೆಯನ್ನು ನಿಯಂತ್ರಿಸಲು ನೆರವಾಗುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳಿವೆ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಇವು ಸಾಯುತ್ತಾ ಹೋಗುತ್ತವೆ. ಕೈ ನಡುಗಿ, ನಡಿಗೆ ನಿಧಾನವಾಗುವ ಹೊತ್ತಿಗೆ ಬಹುಪಾಲು ಆಗಲೇ ನಾಶವಾಗಿರುತ್ತದೆ. ಲೆವೊಡೋಪಾ ಮಾತ್ರೆ ಡೋಪಮೈನ್ ಕೊರತೆಯನ್ನು ತುಂಬುತ್ತದೆಯೇ ಹೊರತು ಸತ್ತ ಕೋಶಗಳನ್ನು ಮರಳಿ ತರುವುದಿಲ್ಲ.

ಹೊಸ ಕೋಶಗಳನ್ನು ಕಸಿ ಮಾಡುವ ಪ್ರಯತ್ನ ಹಳೆಯದೇ. ಸ್ವೀಡನ್ನಿನ ಲುಂಡ್‌ನಲ್ಲಿ 1987ರಲ್ಲೇ ಭ್ರೂಣದ ನರಕೋಶಗಳನ್ನು ಬಳಸಲಾಗಿತ್ತು. 2018ರಲ್ಲಿ ಜಪಾನಿನ ಕ್ಯೋಟೋದಲ್ಲಿ ಐಪಿಎಸ್ ಕೋಶಗಳಿಂದ (ದೇಹದ ಸಾಮಾನ್ಯ ಕೋಶಗಳನ್ನು ಮರುರೂಪಿಸಿ ಪಡೆದ ಕಾಂಡಕೋಶಗಳಿಂದ) ಬೆಳೆಸಿದ ನರಕೋಶಗಳ ಕಸಿ ಆರಂಭವಾಯಿತು. ತೊಡಕಿರುವುದು ಕೋಶಗಳು ಸೂಜಿಯಿಂದ ಮಿದುಳಿನೊಳಗೆ ಹೊರಬಿದ್ದ ನಂತರದ ಕೆಲವೇ ದಿನಗಳಲ್ಲಿ. ಸಣ್ಣ ಸೂಜಿಯೊಳಗಿನ ಒತ್ತಡ, ಆಧಾರವಿಲ್ಲದ ಸ್ಥಿತಿ, ಇನ್ನೂ ತಲುಪದ ರಕ್ತಪೂರೈಕೆ, ಸುತ್ತಲಿನ ಉರಿಯೂತ, ಇವೆಲ್ಲ ಸೇರಿ ಕಸಿಯಾದ ಕೋಶಗಳಲ್ಲಿ ಹೆಚ್ಚಿನವು ಸತ್ತುಹೋಗುತ್ತವೆ.

[ಪರದೆಯಲ್ಲಿ: ಸೂಜಿಯ ತುದಿಯಿಂದ ದ್ರವ ಹೊರಬಂದು ಜೆಲ್ ಆಗುವ ದೃಶ್ಯ]

ಜೈವಿಕ ವಸ್ತುಗಳ, ಅಂದರೆ ದೇಹದೊಳಗೆ ಬಳಸಲೆಂದೇ ಸಿದ್ಧಪಡಿಸಿದ ವಸ್ತುಗಳ ಕೆಲಸ ಶುರುವಾಗುವುದು ಇಲ್ಲೇ. ಕೊಲಾಜೆನ್ ಎಂಬ ಪ್ರೋಟೀನಿನ ಹೈಡ್ರೋಜೆಲ್ (ನೀರು ತುಂಬಿದ ಮೃದು ಜೆಲ್) ತಂಪಿನಲ್ಲಿ ದ್ರವವಾಗಿದ್ದು, ದೇಹದ ಉಷ್ಣತೆಗೆ ಗಟ್ಟಿಯಾಗುವುದರಿಂದ ಅದನ್ನು ಕೋಶಗಳೊಂದಿಗೆ ಬೆರೆಸಿ ಚುಚ್ಚಬಹುದು. ಒಳಗೆ ಹೋದಮೇಲೆ ಅದು ಕೋಶಗಳಿಗೆ ಹಿಡಿದು ನಿಲ್ಲಲು ಜಾಗ ಒದಗಿಸುತ್ತದೆ, ಉರಿಯೂತದ ಕೋಶಗಳನ್ನು ಸ್ವಲ್ಪಕಾಲ ದೂರವಿಡುತ್ತದೆ. ಮಿದುಳಿನ ಅಂಗಾಂಶವೇ ಬಹಳ ಮೃದುವಾದ್ದರಿಂದ ಜೆಲ್ಲೂ ಅಷ್ಟೇ ಮೃದುವಾಗಿರಬೇಕು.

ಜೆಲ್‌ನ ಇನ್ನೊಂದು ಉಪಯೋಗವೇ ಹೆಚ್ಚು ಮಹತ್ವದ್ದೆಂದು ನನಗನ್ನಿಸುತ್ತದೆ. 1993ರಲ್ಲಿ ಗುರುತಿಸಲಾದ ಜಿಡಿಎನ್‌ಎಫ್ ಎಂಬ ಪ್ರೋಟೀನ್ ಡೋಪಮೈನ್ ಕೋಶಗಳನ್ನು ಪೋಷಿಸುತ್ತದೆ, ಆದರೆ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ನೇರವಾಗಿ ಚುಚ್ಚಿದರೂ ಬೇಗ ಕರಗಿಹೋಗುತ್ತದೆ. ಅದನ್ನು ಜೆಲ್‌ನಲ್ಲಿ ಹಿಡಿದಿಟ್ಟರೆ ಕೋಶಗಳ ಪಕ್ಕದಲ್ಲೇ ನಿಧಾನವಾಗಿ ಬಿಡುಗಡೆಯಾಗುತ್ತದೆ. ಇಲಿಗಳಲ್ಲಿ ಹೀಗೆ ಮಾಡಿದಾಗ ಬರಿಯ ಕಸಿಗಿಂತ ಹೆಚ್ಚು ಕೋಶಗಳು ಉಳಿದುಕೊಂಡಿವೆ.

ಆದರೆ ಜೆಲ್ ಬೇಗ ಕರಗಿದರೆ ಆಧಾರ ತಪ್ಪುತ್ತದೆ, ಉಬ್ಬಿದರೆ ತಲೆಬುರುಡೆಯೊಳಗೆ ಅದಕ್ಕೆ ಜಾಗವಿಲ್ಲ. ಇಲಿಯ ಮಿದುಳಿಗೂ ಮನುಷ್ಯನ ಮಿದುಳಿಗೂ ಗಾತ್ರದಲ್ಲಿ ಅಜಗಜಾಂತರವಿದೆ ಎಂಬುದನ್ನೂ ಮರೆಯಬಾರದು.

[ಪರದೆಯಲ್ಲಿ: ಜೆಲಟಿನ್ ಮಣಿಗೆ ಅಂಟಿದ ಕೋಶಗಳು]

ಆರಂಭದ ಭರವಸೆ ಕೊನೆಯವರೆಗೂ ನಿಲ್ಲಬೇಕೆಂದಿಲ್ಲ ಎಂಬುದಕ್ಕೆ ಸ್ಫೆರಮೈನ್ ಎಂಬ ಚಿಕಿತ್ಸೆಯ ಪ್ರಯೋಗ ಸಾಕ್ಷಿ. ಲೆವೊಡೋಪಾ ತಯಾರಿಸುವ ಕಣ್ಣಿನ ಅಕ್ಷಿಪಟಲದ ಕೋಶಗಳನ್ನು ಜೆಲಟಿನ್ ಮಣಿಗಳಿಗೆ ಅಂಟಿಸಿ ಮಿದುಳಿಗೆ ಸೇರಿಸಿದಾಗ, ಮೊದಲ 6 ರೋಗಿಗಳಲ್ಲಿ ಗಮನಾರ್ಹ ಸುಧಾರಣೆ ಕಂಡಿತ್ತು. ನಂತರ 71 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೋಶಗಳಿಲ್ಲದ ಹುಸಿ ಶಸ್ತ್ರಚಿಕಿತ್ಸೆಯನ್ನಷ್ಟೇ ಮಾಡಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.